ಹಾಜರಿಪಟ್ಟಿಯಿಂದ ಕಾಯ್ದೆಯವರೆಗೆ: ರಾಜಸ್ಥಾನದ ಜನಸುನವಾಯಿ ನಡೆಯುತ್ತಿದ್ದದ್ದು ಹೇಗೆ?

ಪ್ರಶ್ನೆ: ಮಾಹಿತಿ ಹಕ್ಕಿನ ಬೇರು ರಾಜಸ್ಥಾನದ ಕೂಲಿಕಾರರ, ರೈತರ ಸಂಘಟನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಹೋರಾಟದಲ್ಲಿದೆ ಅಂತ ಸಮಾಜಕಾರ್ಯದ ಪಾಠದಲ್ಲಿ ಬರುತ್ತದೆ. ಕೂಲಿಯ ತಕರಾರು ಕಾಯ್ದೆಯಾಗಿ ಬೆಳೆದದ್ದು ಹೇಗೆ? ಜನಸುನವಾಯಿ ಎಂಬ ಸಾರ್ವಜನಿಕ ವಿಚಾರಣೆಯ ಸಭೆಯಲ್ಲಿ ನಿಜಕ್ಕೂ ಏನು ಮಾಡುತ್ತಿದ್ದರು?

ಉತ್ತರ 1: ಬರ ಪರಿಹಾರದ ಕಾಮಗಾರಿಯಲ್ಲಿ ಕನಿಷ್ಠ ಕೂಲಿ ಕೇಳಿದರೆ ಅಧಿಕಾರಿಗಳು ‘ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿದೆ’ ಎನ್ನುತ್ತಿದ್ದರು. ಆ ದಾಖಲೆ ಮಾತ್ರ ತೋರಿಸುತ್ತಿರಲಿಲ್ಲ. ತೊಡಕು ಇದ್ದದ್ದೇ ಅಲ್ಲಿ. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಹಳ್ಳಿಯಲ್ಲಿ ಮೊದಲ ಜನಸುನವಾಯಿ. ಹಾಜರಿಪಟ್ಟಿಯ ಸಾಲುಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದುವುದು: ಹೆಸರು, ದಿನ, ಕೂಲಿ, ಹೆಬ್ಬೆಟ್ಟು. ಹೆಸರಿನವರು ಎದ್ದು ನಿಂತು ಹೌದು, ಅಲ್ಲ ಅನ್ನಬೇಕು. ಸತ್ತವರ ಹೆಸರಿನಲ್ಲೂ ಕೂಲಿ ಬರೆದದ್ದು ಬಯಲಾಗುತ್ತಿದ್ದದ್ದು ಹೀಗೆ. 1996ರಲ್ಲಿ ಅಲ್ಲಿನ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ. ಮುಖ್ಯ ಬೇಡಿಕೆ ದಾಖಲೆಯ ನಕಲು.

ಉತ್ತರ 2: ಹಾಜರಿಪಟ್ಟಿ ಒಂದೇ ಸಾಲದು, ಅಳತೆ ಪುಸ್ತಕ, ಬಿಲ್ಲುಗಳೂ ಬೇಕು. ಪುಸ್ತಕದಲ್ಲಿರುವ ಉದ್ದ, ಅಗಲ, ಆಳವನ್ನು ಸ್ಥಳದಲ್ಲೇ ಟೇಪು ಹಿಡಿದು ತಾಳೆ ನೋಡಿ. ಸಭೆ ಕೆಡುವುದು ತಯಾರಿಯಿಲ್ಲದಾಗ. ಮೊದಲು ಮನೆಮನೆಗೆ ಹೋಗಿ ಓದಿ ಹೇಳದಿದ್ದರೆ ಮೇಸ್ತ್ರಿಯೆದುರು ಯಾರೂ ಬಾಯಿ ಬಿಡುವುದಿಲ್ಲ.

ಉತ್ತರ 3: ದಾಖಲೆ ಕೇಳುವ ಆ ಬೇಡಿಕೆ ಮುಂದೆ ಕಾಯ್ದೆಯಾಯಿತು. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ಮಾಡಿತ್ತು, ಕೇಂದ್ರದ್ದು ಬಂದದ್ದು 2005ರಲ್ಲಿ. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ಸಾಮಾಜಿಕ ಪರಿಶೋಧನೆಯನ್ನು, ಅಂದರೆ ಕಾಮಗಾರಿಯ ಲೆಕ್ಕವನ್ನು ಜನರೇ ಪರಿಶೀಲಿಸುವುದನ್ನು, ಗ್ರಾಮಸಭೆಗೆ ವಹಿಸಿತು.