ಅಪ್‌ಡೇಟ್: ಮಣ್ಣಿನ ಗೋಡೆಯ ಬುಡದ ತೇವ ಕೊನೆಗೂ ನಿಂತಿತು

ಹಳೇ ಮಣ್ಣಿನ ಗೋಡೆಗೆ ಬಳಿದಿದ್ದ ಸಿಮೆಂಟ್ ಗಾರೆ ಬುಡದಿಂದ 3 ಅಡಿವರೆಗೆ ಉಬ್ಬಿ ಉದುರುತ್ತಿದೆ, ಬಿಳಿ ಉಪ್ಪು ಬೇರೆ ಏಳುತ್ತಿದೆ, ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ. ಇವತ್ತಿಗೆ 70 ದಿನ.

ವಾಟರ್‌ಪ್ರೂಫ್ ಪೇಂಟ್ ಸಲಹೆ ನಡೆಯಲಿಲ್ಲ. ಒಂದು ಮೂಲೆಗೆ ಹಚ್ಚಿ ನೋಡಿದರೆ 10 ದಿನಕ್ಕೇ ಗುಳ್ಳೆ. ಒಳಗಿನ ತೇವಕ್ಕೆ ಆರಲು ದಾರಿಯೇ ಇಲ್ಲದಂತಾಗಿ ಇನ್ನೂ ಮೇಲಕ್ಕೇರಿತು. ಸಿಮೆಂಟ್ ಕಿತ್ತು ಸುಣ್ಣದ ಗಾರೆ ಹಾಕಿ ಅಂದವರ ಮಾತೇ ಸರಿ.

ಕೀಳುವಾಗ ಅಸಲಿ ಕಳ್ಳ ಸಿಕ್ಕಿದ! ಹೊರಗಡೆ ಮಣ್ಣು ತುಂಬಿ ತುಂಬಿ, ನೆಲ ಕಲ್ಲಿನ ಅಡಿಪಾಯಕ್ಕಿಂತ 5 ಇಂಚು ಮೇಲೆ ಬಂದಿತ್ತು. ಮಳೆನೀರು ನೇರ ಮಣ್ಣಿನ ಗೋಡೆಗೇ. ಮೊದಲು ಅದನ್ನು ಅಗೆದು ಕಲ್ಲಿನ ಮೇಲಂಚಿಗಿಂತ 6 ಇಂಚು ಕೆಳಗಿಳಿಸಿ, ಹೊರಕ್ಕೆ ಇಳಿಜಾರು ಕೊಟ್ಟೆವು. ಇದನ್ನು ಬಿಟ್ಟು ಗಾರೆಗೆ ಕೈ ಹಾಕಬೇಡಿ.

ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೂ ಸಿಮೆಂಟ್ ತೆಗೆದು, ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ (ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತೆ), ಗೋಡೆಯನ್ನು 30 ದಿನ ಹಾಗೇ ಆರಲು ಬಿಟ್ಟೆವು. ಗುಂಡಿಗಳಿಗೆ ಹುಲ್ಲು ಕಲಸಿದ ಮಣ್ಣು. ಆಮೇಲೆ ಗಾರೆ: ನೀರಲ್ಲಿ ನೆನೆಸಿ ಕೊಳೆಸಿದ ಸುಣ್ಣ 1 ಪಾಲು, ಮರಳು 3 ಪಾಲು. ಸುಮಾರು 8 ಮಿ.ಮೀ. ದಪ್ಪದ ಎರಡು ಪದರ. ನುಣ್ಣನೆ ಮರಳು ಹಾಕಿದ ಮೊದಲ ಗೋಡೆಯ ಗಾರೆ ಬಿರುಕು ಬಿಟ್ಟಿತು, ತರಿ ಮರಳಿಗೆ ಬದಲಾಯಿಸಿದ ಮೇಲೆ ಇಲ್ಲ. ಒಂದು ವಾರ ಒದ್ದೆ ಗೋಣಿತಾಟು ಇಳಿಬಿಟ್ಟು ಬಿಸಿಲು ತಾಗದಂತೆ ನೋಡಿಕೊಳ್ಳಿ.

ಮೇಲೆ ತೆಳು ಸುಣ್ಣದ ನೀರು 4 ಸಲ, ಅಷ್ಟೇ. ಉಪ್ಪು ಒಂದೆರಡು ಕಡೆ ಇನ್ನೂ ಸಣ್ಣಗೆ ಏಳುತ್ತಿದೆ, ಬ್ರಷ್ ಆಡಿಸಿದರೆ ಹೋಗುತ್ತೆ.