ಲೋಹದ ‘ದಣಿವು’: ಬೆಸುಗೆಯ ಬಾಳಿಕೆ ಹೇಳುವಾಗ ಈ ಪದ ಒಪ್ಪುತ್ತದೆಯೇ?

ಬಳಗದವರಿಗೆ ನಮಸ್ಕಾರ.

ಸೋಮವಾರಪೇಟೆ ಸುತ್ತಮುತ್ತ ವೆಲ್ಡಿಂಗ್ ಕಲಿಯುತ್ತಿರುವ ಹುಡುಗರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಬೆಸುಗೆ ಹಾಕಿದ ಜೋಡಣೆ ಎಷ್ಟು ಬಾಳಿಕೆ ಬಂದೀತು ಎಂದು ಅಂದಾಜು ಕಟ್ಟುವ ಅಧ್ಯಾಯದಲ್ಲಿ ‘ಮೆಟಲ್ ಫಟೀಗ್’ (ಹೊರೆ ಮತ್ತೆ ಮತ್ತೆ ಏರಿ ಇಳಿದು ಲೋಹದಲ್ಲಿ ಬಿರುಕು ಹುಟ್ಟಿ ಬೆಳೆಯುವುದು) ಎಂಬುದಕ್ಕೆ ಒಪ್ಪುವ ಪದ ಬೇಕಾಗಿದೆ. ‘ಲೋಹದ ದಣಿವು’ ಎಂದು ಬರೆಯುವವರಿದ್ದಾರೆ. ನನಗದು ಒಗ್ಗುತ್ತಿಲ್ಲ.

ದಣಿವು ಆರುವಂಥದ್ದು. ‘ದಣಿವಾರಿಸಿಕೊಳ್ಳಿ’ ಎಂದೇ ನಾವು ಬಂದವರಿಗೆ ನೀರು ಕೊಡುವುದು. ಲೋಹದಲ್ಲಿ ಹಾಗಾಗುವುದಿಲ್ಲ. ನಮ್ಮ ಕಡೆ ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಟ್ರ್ಯಾಕ್ಟರು ಟ್ರೈಲರುಗಳು ಹಣ್ಣಿನ ಮೂಟೆ ಹೊತ್ತು ತೋಟದ ಹೊಂಡದ ದಾರಿಯಲ್ಲಿ ಓಡಾಡುತ್ತವೆ. ಪ್ರತಿ ಕುಲುಕಾಟಕ್ಕೂ ಕೊಂಡಿಯ ಬುಡದ ಬೆಸುಗೆಯಲ್ಲಿ ಸೆಳೆತ ಏರಿ ಇಳಿಯುತ್ತದೆ. ಒಂದೇ ಸಲಕ್ಕೆ ಮುರಿಯುವಷ್ಟು ಭಾರವಲ್ಲ, ಆದರೂ ಕೂದಲೆಳೆಯಷ್ಟು ಬಿರುಕು ಹುಟ್ಟಿ ಬೆಳೆಯುತ್ತದೆ. ಮಳೆಗಾಲವಿಡೀ ಟ್ರೈಲರು ಶೆಡ್ಡಿನಲ್ಲಿ ನಿಂತರೂ ಆ ಬಿರುಕು ಕೂಡಿಕೊಳ್ಳುವುದಿಲ್ಲ, ಕೊಡಗಿನ ತೇವಕ್ಕೆ ತುಕ್ಕು ಹಿಡಿದರೆ ಇನ್ನೂ ಕೆಡುತ್ತದೆ. ‘ದಣಿವು’ ಎಂದು ಓದಿದ ಹುಡುಗ ಗಾಡಿಗೆ ವಿಶ್ರಾಂತಿ ಕೊಟ್ಟರೆ ಸರಿಹೋದೀತು ಎಂದುಕೊಂಡರೆ ತಪ್ಪು ಅವನದಲ್ಲ.

‘ಸವೆತ’ವೂ ಆಗದು. ಸವೆದರೆ ತೂಕ ಇಳಿಯಬೇಕು, ಇಲ್ಲಿ ಒಂದು ಚೂರೂ ಉದುರುವುದಿಲ್ಲ. ‘ಕಾಲು ಸೋತವು’ ಎನ್ನುವಾಗಿನ ‘ಸೋಲು’ ಹತ್ತಿರವಿದೆ, ಆದರೆ ಅದು ಕೊನೆಯ ಮುರಿತವನ್ನು ಹೇಳುತ್ತದೆಯೇ ಹೊರತು ಅಲ್ಲಿಯವರೆಗಿನ ದಾರಿಯನ್ನಲ್ಲ. ನನ್ನ ಒಲವು ‘ನವೆ’ ಎಂಬ ಕ್ರಿಯಾಪದದ ಕಡೆಗೆ. ‘ಕಾಯಿಲೆಯಲ್ಲಿ ನವೆದರು’ ಎಂದರೆ ದಿನದಿನಕ್ಕೂ ಒಳಗೊಳಗೇ ಕುಗ್ಗಿದರು ಎಂದರ್ಥ. ಅದರಿಂದ ‘ನವೆತ’ ಎಂದು ಮಾಡಬಹುದೇ? ತುರಿಕೆಯ ‘ನವೆ’ ಅಡ್ಡ ಬರುತ್ತದೆಯೋ ಎಂಬ ಅಳುಕಿದೆ.

ಇನ್ನೊಂದು, ‘ಆಯುಸ್ಸು’. ಇಲ್ಲಿ ಆಯುಸ್ಸನ್ನು ವರ್ಷದಲ್ಲಿ ಎಣಿಸುವುದಿಲ್ಲ, ಹೊರೆ ಎಷ್ಟು ಸಲ ಏರಿ ಇಳಿಯಿತು ಎಂದು ಎಣಿಸುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲು ಗಾಲಿಗಳ ಅಚ್ಚುಗಳ ಮೇಲೆ ಪ್ರಯೋಗ ನಡೆಸಿದಂದಿನಿಂದ ಇದೇ ರೂಢಿ. ಅಂತರರಾಷ್ಟ್ರೀಯ ವೆಲ್ಡಿಂಗ್ ಸಂಸ್ಥೆಯ ಕ್ರಮದಲ್ಲಿ ಜೋಡಣೆಯ ಆಕಾರಕ್ಕೆ ತಕ್ಕಂತೆ ಒಂದೊಂದು ದರ್ಜೆ. 80ರ ದರ್ಜೆ ಎಂದರೆ, 80 ಮೆಗಾಪಾಸ್ಕಲ್ (ಸೆಳೆತವನ್ನು ಅಳೆಯುವ ಮಾನ) ಅಂತರದ ಏರಿಳಿತವನ್ನು ಆ ಜೋಡಣೆ 20 ಲಕ್ಷ ಸಲ ತಾಳುತ್ತದೆಂದು ಲೆಕ್ಕ ಹಿಡಿಯಬಹುದು. ಅಂತರ ಇಮ್ಮಡಿಸಿ 160 ಆದರೆ ಬಾಳಿಕೆ ಅರ್ಧಕ್ಕಲ್ಲ, ಎಂಟನೇ ಒಂದು ಪಾಲಿಗೆ, ಎಂದರೆ 2.5 ಲಕ್ಷಕ್ಕೆ ಕುಸಿಯುತ್ತದೆ. ಮೂಟೆ ಹೆಚ್ಚು ಹೇರುವವರಿಗೆ ಮೊದಲು ತಿಳಿಯಬೇಕಾದ್ದು ಇದೇ. ಹೆಚ್ಚು ಗಟ್ಟಿಯ ಉಕ್ಕು ತಂದರೂ ಬೆಸುಗೆಯನ್ನು ಹಾಕಿದ ಹಾಗೇ ಬಿಟ್ಟರೆ ಈ ಸಂಖ್ಯೆ ಏರುವುದಿಲ್ಲ. ಹೊರೆ ಒಮ್ಮೆ ಏರಿ ಇಳಿಯುವುದನ್ನು ಹೇಳುವ ‘ಸೈಕಲ್’ ಎಂಬುದಕ್ಕೆ ನಾನು ‘ಏರಿಳಿತ’ ಎಂದೇ ಬರೆದಿದ್ದೇನೆ. ‘ಆವರ್ತ’ ಎಂದರೆ ಹುಡುಗರಿಗೆ ಶಾಲೆಯ ‘ಆವರ್ತನ’ದ ಜೊತೆ ಕಲಸಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವಾದ ತೊಡಕು ‘ವೆಲ್ಡಿಂಗ್ ಬಿಟ್ಟಿದೆ’ ಎಂಬ ಮಾತು. ವರ್ಕ್‌ಶಾಪಿನಲ್ಲಿ ಎರಡು ಬೇರೆ ಬೇರೆ ಸಂಗತಿಗೂ ಇದನ್ನೇ ಹೇಳುತ್ತಾರೆ: ಬೆಸುಗೆಯೇ ಒಡೆದದ್ದು ಒಂದು, ಬೆಸುಗೆ ಗಟ್ಟಿಯಾಗಿಯೇ ಇದ್ದು ಅದರ ಅಂಚಿಗೆ ತಾಗಿದ ತಗಡು ಸೀಳಿದ್ದು ಇನ್ನೊಂದು. ಬಹಳ ಸಲ ನಡೆಯುವುದು ಎರಡನೆಯದು. ಆ ಸೀಳಿನ ಮೇಲೆಯೇ ಮತ್ತೊಂದು ಪದರ ವೆಲ್ಡಿಂಗ್ ಹೊಡೆದರೆ ಬಿರುಕು ಅಡಿಯಲ್ಲೇ ಉಳಿದು, ಹೊಸದೊಂದು ಅಂಚೂ ಹುಟ್ಟುತ್ತದೆ. ಬಿರುಕನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆದು, ಆಮೇಲೆ ತುಂಬಿ, ಅಂಚನ್ನು ನಯವಾಗಿ ಉಜ್ಜಬೇಕು. 1980ರಲ್ಲಿ ಉತ್ತರ ಸಮುದ್ರದಲ್ಲಿ ತೈಲ ಕಾರ್ಮಿಕರು ತಂಗುತ್ತಿದ್ದ ‘ಅಲೆಕ್ಸಾಂಡರ್ ಕೀಲಾಂಡ್’ ಎಂಬ ತೇಲುವ ವೇದಿಕೆ ಮಗುಚಿ 123 ಜನ ತೀರಿಕೊಂಡರು. ಅಲ್ಲಿ ಬಿರುಕು ಶುರುವಾದದ್ದು ಒಂದು ಸಣ್ಣ ಉಪಕರಣದ ಹಿಡಿಕೆಯನ್ನು ಕೂಡಿಸಿದ್ದ 6 ಮಿಲಿಮೀಟರ್ ಬೆಸುಗೆಯಲ್ಲಿ.

ಹಾಗಾಗಿ ಕೇಳುತ್ತಿದ್ದೇನೆ. ಬೆಸುಗೆಯೂ ತಗಡೂ ಸೇರುವ ಆ ಗೆರೆಗೆ ‘ಬೆಸುಗೆಯಂಚು’ ಸಾಕೇ, ಅಥವಾ ನಿಮ್ಮ ಕಡೆಯ ಕಮ್ಮಾರರಲ್ಲಿ, ಗಾಡಿ ರಿಪೇರಿಯವರಲ್ಲಿ ಬೇರೆ ಮಾತಿದೆಯೇ? ‘ನವೆತ’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುವುದಕ್ಕೆ ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಒಂದೇ ಪದವಿದ್ದರೆ, ಬಲ್ಲವರು ದಯವಿಟ್ಟು ಬಳಕೆಯ ಒಂದು ವಾಕ್ಯದ ಜೊತೆಗೇ ತಿಳಿಸಿ.