ಅಪ್‌ಡೇಟ್: ಮಳೆಮಾಪಕದ ಎಕ್ಸ್‌ಎಂಎಲ್ ಈಗ ಓದಲು ಬರುತ್ತಿದೆ

ಮಡಿಕೇರಿ, ನಾಪೋಕ್ಲು, ಭಾಗಮಂಡಲದ ತೋಟಗಳ ಮಳೆ ಲೆಕ್ಕದ ಎಕ್ಸ್‌ಎಂಎಲ್ (ದತ್ತಾಂಶವನ್ನು ಹೆಸರಿನ ಗುರುತುಗಳ ನಡುವೆ ಬರೆದಿಡುವ ಪಠ್ಯ ಫೈಲು) ಒಂದೇ ಸಾಲಿನಲ್ಲಿ ಬರುತ್ತದೆ, ಬಿಡಿಸಿ ಓದುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಎಕ್ಸ್‌ಎಂಎಲ್ ಪರೀಕ್ಷಿಸುವ ಎಕ್ಸ್‌ಎಂಎಲ್‌ಲಿಂಟ್ ಎಂಬ ಆಜ್ಞೆಯ ಫಾರ್ಮ್ಯಾಟ್ ಆಯ್ಕೆ ಸಾಲುಗಳನ್ನೇನೋ ಬಿಡಿಸಿತು, ಆದರೆ ಊರಿನ ಕನ್ನಡ ಹೆಸರುಗಳೆಲ್ಲ ಸಂಕೇತ ಸಂಖ್ಯೆಗಳಾದವು. ಕಾರಣ, ಫೈಲಿನ ತಲೆಯಲ್ಲಿ ಎನ್‌ಕೋಡಿಂಗ್ ಘೋಷಣೆಯೇ (ಅಕ್ಷರಗಳು ಯಾವ ಸಂಕೇತ ಪದ್ಧತಿಯಲ್ಲಿವೆ ಎಂಬ ಸೂಚನೆ) ಇರಲಿಲ್ಲ. ಅಂಥಲ್ಲಿ ಆ್ಯಸ್ಕಿಯಲ್ಲಿಲ್ಲದ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಮೂಲ ಪಟ್ಟಿಯಲ್ಲಿಲ್ಲದ) ಪ್ರತಿ ಅಕ್ಷರವನ್ನೂ ಎಕ್ಸ್‌ಎಂಎಲ್‌ಲಿಂಟ್ ಸಂಖ್ಯೆಯಾಗಿ ಬರೆಯುತ್ತದೆ. ಎನ್‌ಕೋಡ್ ಆಯ್ಕೆಗೆ ಯುಟಿಎಫ್-8 (ಕನ್ನಡವೂ ಸೇರಿದ ಸಂಕೇತ ಪದ್ಧತಿ) ಕೊಟ್ಟರೆ ಹೆಸರುಗಳು ಹಾಗೇ ಉಳಿಯುತ್ತವೆ. ಪೈಥಾನ್ ಭಾಷೆಯಲ್ಲಾದರೆ ಎಲಿಮೆಂಟ್‌ಟ್ರೀ ಎಂಬ ಎಕ್ಸ್‌ಎಂಎಲ್ ಮಾಡ್ಯೂಲಿನ ಇಂಡೆಂಟ್ (ಪೈಥಾನ್ 3.9ರಿಂದ ಇದೆ) ಸಾಲು ಬಿಡಿಸುತ್ತದೆ, ಆಮೇಲೆ ಪಠ್ಯವಾಗಿಸುವ ಟುಸ್ಟ್ರಿಂಗ್‌ಗೆ ಎನ್‌ಕೋಡಿಂಗ್ 'ಯೂನಿಕೋಡ್' ಕೊಡಿ. ಪೈಥಾನ್‌ನದೇ ಇನ್ನೊಂದು ಮಾಡ್ಯೂಲ್ ಮಿನಿಡಾಮ್ ಬೇಡ, ಮೊದಲೇ ಬಿಡಿಸಿದ ಫೈಲಿಗೆ ಖಾಲಿ ಸಾಲುಗಳನ್ನು ತುರುಕುತ್ತದೆ.

ಕೆಲವು ಫೈಲುಗಳು ತೆರೆಯಲೇ ಇಲ್ಲ. 'ಕಾಫಿ & ಮೆಣಸು' ಎಂಬಂಥ ತೋಟದ ಹೆಸರಿನಲ್ಲಿ & ಚಿಹ್ನೆ ಬರಿದೇ ಬಂದಿತ್ತು; ಎಕ್ಸ್‌ಎಂಎಲ್‌ನಲ್ಲಿ ಅದನ್ನು & ಎಂದು ಬರೆಯಬೇಕು. ಇಡೀ ಫೈಲು ಒಂದೇ ಸಾಲಾದ್ದರಿಂದ ದೋಷ ಸದಾ 1ನೇ ಸಾಲಿನಲ್ಲೇ. ದೋಷ ಎಲ್ಲಿದೆ ಎಂದು ತಿಳಿಯಲು ದೋಷ ಸಂದೇಶದ ಕೆಳಗಿನ ಬಾಣದ ಗುರುತನ್ನೇ ನೋಡಬೇಕು. ದೋಷವಿದ್ದರೂ ಫೈಲು ತೆರೆಯುವ ಎಕ್ಸ್‌ಎಂಎಲ್‌ಲಿಂಟ್‌ನ ರಿಕವರ್ ಆಯ್ಕೆ ಇಣುಕಲು ಮಾತ್ರ, ಅದು ದತ್ತಾಂಶವನ್ನು ಬಿಟ್ಟುಬಿಡಬಹುದು. ಮೂಲ ಫೈಲು ಹಾಗೇ ಇರಲಿ.

ತೋಟದ ಮಳೆ ಲೆಕ್ಕದ ಪುಸ್ತಕ ಇಂಚು-ಸೆಂಟಿನಲ್ಲಿದೆ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ), ಫೈಲು ಮಿಲಿಮೀಟರಿನಲ್ಲಿ. 25.4ರಿಂದ ಭಾಗಿಸಿ ತಾಳೆ ನೋಡಿ: 63.5 ಮಿ.ಮೀ. ಎಂದರೆ 2 ಇಂಚು 50 ಸೆಂಟು.